‘ಕಲ್’ ಅಂದ್ರೆ ಕಲ್ಲೋ, ನಾಳೆಯೋ, ನಿನ್ನೆಯೋ?

ಪ್ರಶ್ನೆ: ನಾವು ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ನೆಲಕ್ಕೆ ಫರ್ಸಿ ಹಾಕುವ ಮಿಸ್ತ್ರಿ ಸಂಜೆ ಹೊರಡುವಾಗ ‘ಕಲ್ ಆತೂಂ ಅಮ್ಮಾ’ ಎಂದು ಹೇಳಿ ಹೋದರು. ನಮ್ಮ ಅತ್ತೆ ಸೇಡಂ ಕಡೆಯ ಹಳ್ಳಿಯವರು. ಅವರಿಗೆ ‘ಕಲ್ಲು’ ಅಂತ ಕೇಳಿಸಿತು. ಕಲ್ಲಿನ ಟ್ರ್ಯಾಕ್ಟರ್ ಬರುತ್ತದೆ ಎಂದು ಅಂಗಳದ ಸಾಮಾನೆಲ್ಲ ಎತ್ತಿಸಿದರು. ನನ್ನ ತವರು ಔರಾದ್, ಮನೆಮಾತು ಮರಾಠಿ. ನನಗೆ ‘ಕಾಲ್’ ಅಂದರೆ ನಿನ್ನೆ. ಮಗಳು ತನ್ನ ಹಿಂದಿ ಪುಸ್ತಕ ತಂದು ‘ಕಲ್ ಅಂದ್ರೆ ನಿನ್ನೆನೂ ಹೌದು, ನಾಳೆನೂ ಹೌದು’ ಎಂದಳು. ಇವೆಲ್ಲ ಒಂದೇ ಪದವಾ? ಸಂಸ್ಕೃತದ ‘ಕಾಲ’ದಿಂದ ಬಂದದ್ದು ಅಂತ ನೆಂಟರೊಬ್ಬರು ಹೇಳಿದರು. ಅದು ನಿಜವಾ? ಕಲಬುರಗಿಯ ‘ಕಲ’ಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಅಂಗಳದಲ್ಲಿ ಅವತ್ತು ಸಂಜೆ ಎರಡು ಬೇರೆ ಬೇರೆ ಪದಗಳು ಒಂದೇ ದನಿಯಲ್ಲಿ ಕೇಳಿಸಿದವು. ಅತ್ತೆಯವರು ಕೇಳಿಸಿಕೊಂಡ ‘ಕಲ್’ ನಮ್ಮ ದ್ರಾವಿಡ ಬಳಗದ್ದು, ಅದಕ್ಕೆ ಕಲ್ಲು ಅಂತಲೇ ಅರ್ಥ. ಮಿಸ್ತ್ರಿ ಹೇಳಿದ ‘ಕಲ್’, ನಿಮ್ಮ ತವರಿನ ‘ಕಾಲ್’, ಮಗಳ ಪುಸ್ತಕದ ‘ಕಲ್’ ಈ ಮೂರೂ ಒಂದೇ ಪದ. ಅದು ಸಂಸ್ಕೃತದ ‘ಕಲ್ಯ’ದಿಂದ ಬಂದದ್ದು. ‘ಕಾಲ’ದಿಂದ ಬಂದದ್ದಲ್ಲ. ನಿಮ್ಮ ನೆಂಟರ ಊಹೆ ತಪ್ಪು. ಆದರೆ ತುಂಬಾ ಜನ ಮಾಡುವ ಊಹೆ ಅದು. ಅದು ಯಾಕೆ ತಪ್ಪು ಅನ್ನುವುದಕ್ಕೆ ಸಾಕ್ಷಿ ನಿಮ್ಮ ತವರಿನ ಮಾತಿನಲ್ಲೇ ಇದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ನೀವು ಮರಾಠಿಯಲ್ಲಿ ನಿನ್ನೆಗೆ ‘ಕಾಲ್’ ಅನ್ನುತ್ತೀರಿ. ಸಮಯಕ್ಕೆ, ಯುಗಕ್ಕೆ ಏನನ್ನುತ್ತೀರಿ? ‘ಕಾಳ್’ ಅನ್ನುತ್ತೀರಿ. ಒಂದರಲ್ಲಿ ಲ, ಇನ್ನೊಂದರಲ್ಲಿ ಳ. ಎರಡನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ನಾಲಿಗೆ ಎರಡು ಬೇರೆ ಜಾಗಕ್ಕೆ ಹೋಗುತ್ತದೆ. ಈ ಸಣ್ಣ ವ್ಯತ್ಯಾಸವೇ ಇಡೀ ಕಥೆಯನ್ನು ಹೇಳುತ್ತದೆ.

ಸಂಸ್ಕೃತದ ಮಾತುಗಳು ಪ್ರಾಕೃತಕ್ಕೆ ಇಳಿದು, ಪ್ರಾಕೃತದಿಂದ ಮರಾಠಿಗೆ ಬರುವಾಗ ಒಂದು ಕಟ್ಟುನಿಟ್ಟಿನ ನಿಯಮ ನಡೆಯಿತು. ಎರಡು ಸ್ವರಗಳ ನಡುವೆ ಒಂಟಿ ಲ ಇದ್ದರೆ ಅದು ಳ ಆಯಿತು. ಫಲ ಹೋಗಿ ‘ಫಳ್’ ಆಯಿತು. ಜಲ ‘ಜಳ್’ ಆಯಿತು. ಕಮಲ ‘ಕಮಳ್’ ಆಯಿತು. ಆದರೆ ಜೋಡಿ ಲ್ಲ ಇದ್ದ ಕಡೆ ಹಾಗಾಗಲಿಲ್ಲ. ಅಲ್ಲಿ ಜೋಡಿ ಸಡಿಲವಾಗಿ ಒಂದು ಲ ಮಾತ್ರ ಉಳಿಯಿತು, ಲ ಆಗಿಯೇ ಉಳಿಯಿತು. ಅರಳಿದ್ದು ಅನ್ನುವ ಅರ್ಥದ ‘ಫುಲ್ಲ’ ಮರಾಠಿಯಲ್ಲಿ ‘ಫೂಲ್’ ಆಯಿತು, ‘ಫೂಳ್’ ಆಗಲಿಲ್ಲ. ಹಾಗಾಗಿ ನಿಮ್ಮ ತವರಿನ ಸಂತೆಯಲ್ಲಿ ಹಣ್ಣಿಗೆ ‘ಫಳ್’, ಹೂವಿಗೆ ‘ಫೂಲ್’. ಒಂದರಲ್ಲಿ ಳ, ಒಂದರಲ್ಲಿ ಲ.

ಈಗ ‘ಕಾಲ್’ಗೆ ಬನ್ನಿ. ಅದು ಸಂಸ್ಕೃತದ ‘ಕಾಲ’ದಿಂದ ಬಂದಿದ್ದರೆ ಫಲ ಫಳ್ ಆದ ಹಾಗೆ ಅದೂ ‘ಕಾಳ್’ ಆಗಬೇಕಿತ್ತು. ಆಗಿದೆ ಕೂಡ. ಸಮಯ ಎನ್ನುವ ಅರ್ಥದ ‘ಕಾಳ್’ ಅದೇ. ನಿನ್ನೆ ಎನ್ನುವ ‘ಕಾಲ್’ನಲ್ಲಿ ಮಾತ್ರ ಲ ಉಳಿದಿದೆ. ಅಂದರೆ ಅದರ ಹಿಂದೆ ಒಂದು ಕಾಲಕ್ಕೆ ಜೋಡಿ ಲ್ಲ ಇತ್ತು ಅಂತಾಯಿತು. ಪ್ರಾಕೃತದಲ್ಲಿ ಹುಡುಕಿದರೆ ಸಿಗುತ್ತದೆ: ‘ಕಲ್ಲ’. ಅದರ ಸಂಸ್ಕೃತ ರೂಪ ‘ಕಲ್ಯ’. ಲ್ಯ ಎಂಬ ಒತ್ತಕ್ಷರ ಪ್ರಾಕೃತದವರ ಬಾಯಲ್ಲಿ ಲ್ಲ ಆಯಿತು.

ನಾನು ಇಷ್ಟು ವರ್ಷ ಭಾಷೆಯ ಪಾಠ ಹೇಳಿದ್ದೇನೆ. ಈ ಲ-ಳ ಸಾಕ್ಷಿಯನ್ನು ಕರಿಹಲಗೆ ಮೇಲೆ ಬರೆದಾಗಲೆಲ್ಲ ನನಗೆ ಅಷ್ಟೇ ಖುಷಿಯಾಗುತ್ತದೆ. ಔರಾದ್, ಭಾಲ್ಕಿ, ಬಸವಕಲ್ಯಾಣದ ಮರಾಠಿ ಮನೆಗಳಲ್ಲಿ ಅಕ್ಷರ ಬಾರದ ಅಜ್ಜಿಯರು ಕೂಡ ದಿನಾ ಈ ವ್ಯತ್ಯಾಸವನ್ನು ತಪ್ಪಿಲ್ಲದೆ ಕಾಯ್ದುಕೊಂಡು ಬಂದಿದ್ದಾರೆ.

ದೀರ್ಘ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ‘ಕಲ್ಲ’ದಲ್ಲಿ ಮೊದಲ ಅಕ್ಷರ ಮೋಟು, ‘ಕಾಲ್’ನಲ್ಲಿ ಉದ್ದ. ಇದಕ್ಕೂ ನಿಯಮ ಇದೆ. ಜೋಡಿ ವ್ಯಂಜನ ಒಂಟಿಯಾದಾಗ ಅದರ ಹಿಂದಿನ ಸ್ವರ ಉದ್ದವಾಗುತ್ತದೆ. ಸಪ್ತ ಮೊದಲು ‘ಸತ್ತ’ ಆಯಿತು, ಆಮೇಲೆ ‘ಸಾತ್’ ಆಯಿತು. ಹಸ್ತ ‘ಹತ್ಥ’ ಆಗಿ ಆಮೇಲೆ ಹಿಂದಿಯಲ್ಲಿ ‘ಹಾಥ್’, ಮರಾಠಿಯಲ್ಲಿ ‘ಹಾತ್’. ಕರ್ಮ ‘ಕಮ್ಮ’ ಆಗಿ ಆಮೇಲೆ ‘ಕಾಮ್’. ಪಂಜಾಬಿಯವರು ಮಾತ್ರ ಜೋಡಿಯನ್ನು ಬಿಟ್ಟುಕೊಡಲಿಲ್ಲ. ಅವರು ಇವತ್ತಿಗೂ ‘ಸತ್ತ್’, ‘ಹತ್ಥ್’, ‘ಕಮ್ಮ್’ ಅನ್ನುತ್ತಾರೆ. ನಮ್ಮ ಪದಕ್ಕೂ ಅವರು ‘ಕಲ್ಲ್’ ಅಂತ ಒತ್ತಿಯೇ ಹೇಳುತ್ತಾರೆ. ಗುಜರಾತಿ, ಬಂಗಾಳಿಗಳಲ್ಲಿ ಮರಾಠಿಯ ಹಾಗೇ ‘ಕಾಲ್’. ಹಿಂದಿ, ಉರ್ದು, ನಿಮ್ಮ ಮಿಸ್ತ್ರಿ ಆಡುವ ನಮ್ಮ ಕಡೆಯ ಉರ್ದುವಾದ ದಖನಿ, ಇವುಗಳಲ್ಲಿ ಜೋಡಿಯೂ ಹೋಯಿತು, ಸ್ವರವೂ ಮೋಟಾಗಿಯೇ ಉಳಿಯಿತು. ಹಾಗೆ ಉಳಿದದ್ದರಿಂದಲೇ ಅದು ನಿಮ್ಮ ಅತ್ತೆಯವರ ಕಿವಿಗೆ ಕಲ್ಲಿನ ಹಾಗೆ ತಾಗಿತು.

ಇನ್ನು ಮಗಳ ಪ್ರಶ್ನೆ. ಒಂದೇ ಪದ ನಿನ್ನೆಯೂ ನಾಳೆಯೂ ಹೇಗಾಗುತ್ತದೆ?

ಸಂಸ್ಕೃತದಲ್ಲಿ ‘ಕಲ್ಯ’ ಅಂದರೆ ಬೆಳಗಿನ ಜಾವ. ಅಮರಕೋಶದಲ್ಲಿ ಪ್ರತ್ಯೂಷ, ಉಷಸ್ಸು ಎಂಬ ಮಾತುಗಳ ಸಾಲಿನಲ್ಲೇ ‘ಕಲ್ಯ’ವೂ ಕೂತಿದೆ. ನಿನ್ನೆಗೆ ಸಂಸ್ಕೃತದಲ್ಲಿ ‘ಹ್ಯಃ’ ಎಂಬ ಬೇರೆ ಪದವಿತ್ತು, ನಾಳೆಗೆ ‘ಶ್ವಃ’ ಎಂಬ ಬೇರೆ ಪದವಿತ್ತು. ಹಿಂದಿ, ಗುಜರಾತಿ, ಬಂಗಾಳಿಗಳ ದಿನಬಳಕೆಯಲ್ಲಿ ಆ ಎರಡೂ ಬಿದ್ದುಹೋದವು. ಬೆಳಗಿನ ಜಾವದ ‘ಕಲ್ಯ’ ಬಂದು ಎರಡರ ಜಾಗದಲ್ಲೂ ಕೂತಿತು.

ಬೆಳಗು ಎರಡೂ ಕಡೆ ಹೇಗೆ ಹೊರಳುತ್ತದೆ ಅಂತ ತಿಳಿಯಲು ನಮ್ಮ ಕಡೆಯ ಮಾತೇ ಸಾಕು. ಸಂಜೆ ಏಳು ಗಂಟೆಗೆ ಯಾರೋ ನಿಮಗೆ ‘ಮುಂಜಾನಿ ಬರ್ತೀನ್ರಿ’ ಅಂದರೆ ನೀವು ಯಾವ ಮುಂಜಾನೆ ಅಂತ ಕೇಳುವುದಿಲ್ಲ. ನಾಳೆಯದು ಅಂತ ಗೊತ್ತು. ಅದೇ ಹೊತ್ತಿಗೆ ‘ಮುಂಜಾನಿ ಬಂದಿದ್ದೆ’ ಅಂದರೆ ಹಿಂದೆ ಹೋದ ಮುಂಜಾನೆ. ಮುಂಜಾನೆ ಅನ್ನುವ ಪದ ಬದಲಾಗಲಿಲ್ಲ. ‘ಬರ್ತೀನಿ’, ‘ಬಂದಿದ್ದೆ’ ಅನ್ನುವ ಕ್ರಿಯಾಪದ ದಿಕ್ಕು ತೋರಿಸಿತು. ಹಿಂದಿಯ ‘ಕಲ್’ ನಡೆಯುವುದೂ ಹೀಗೇ. ‘ಕಲ್ ಆಯಾ’ ಅಂದರೆ ನಿನ್ನೆ ಬಂದ, ‘ಕಲ್ ಆತೂಂ’ ಅಂದರೆ ನಾಳೆ ಬರ್ತೀನಿ. ನಿಮ್ಮ ಮಿಸ್ತ್ರಿ ಹೇಳಿದ್ದರಲ್ಲಿ ಗೊಂದಲವೇ ಇರಲಿಲ್ಲ. ದಿನವನ್ನು ಹೇಳಿದ್ದು ‘ಆತೂಂ’, ‘ಕಲ್’ ಅಲ್ಲ.

ಗುಜರಾತಿಯವರು ಇನ್ನೂ ಬಿಡಿಸಿ ಹೇಳುತ್ತಾರೆ. ನಿನ್ನೆಗೆ ‘ಗಯೀ ಕಾಲ್’, ಅಂದರೆ ಹೋದ ಕಾಲ್. ನಾಳೆಗೆ ‘ಆವತೀ ಕಾಲ್’, ಅಂದರೆ ಬರುವ ಕಾಲ್. ಬಂಗಾಳಿಯಲ್ಲೂ ‘ಗತಕಾಲ್’, ‘ಆಗಾಮಿಕಾಲ್’ ಎಂದು ಬೇರ್ಪಡಿಸುವುದುಂಟು. ಮರಾಠಿ ಮಾತ್ರ ‘ಕಾಲ್’ ಅನ್ನು ನಿನ್ನೆಗೆ ಕಟ್ಟಿಹಾಕಿ, ನಾಳೆಗೆ ‘ಉದ್ಯಾ’ ಅನ್ನುವ ಬೇರೆ ಮಾತನ್ನು ಇಟ್ಟುಕೊಂಡಿತು. ಆದರೆ ಮಗಳಿಗೆ ಇದನ್ನೂ ಹೇಳಿ: ಅದೇ ಮರಾಠಿಯಲ್ಲಿ ‘ಪರವಾ’ ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಹಿಂದಿಯ ‘ಪರಸೋಂ’ ಕೂಡ ಹಾಗೇ. ನಡುವೆ ಒಂದು ದಿನ ಬಿಟ್ಟು ಆಚೆಯ ದಿನ ಅನ್ನುವುದಷ್ಟೇ ಆ ಪದದ ಲೆಕ್ಕ. ಯಾವ ಕಡೆಗೆ ಅನ್ನುವುದನ್ನು ಕ್ರಿಯಾಪದಕ್ಕೆ ಬಿಟ್ಟಿದೆ.

ಬೆಳಗಿನಿಂದ ನಾಳೆ ಹುಟ್ಟುವುದು ಬರೀ ಇಲ್ಲಿಯ ಸಂಗತಿಯಲ್ಲ. ಜರ್ಮನ್ ಭಾಷೆಯ ‘ಮೊರ್ಗನ್’ ಬೆಳಗೂ ಹೌದು, ನಾಳೆಯೂ ಹೌದು. ಸ್ಪ್ಯಾನಿಷ್‌ನ ‘ಮನ್ಯಾನಾ’ ಕೂಡ ಅಷ್ಟೇ. ಇಂಗ್ಲಿಷಿನ ‘ಟುಮಾರೋ’ ಒಳಗೆ ‘ಮಾರ್ನಿಂಗ್’ನ ನಂಟು ಇದೆ. ಅಷ್ಟು ದೂರ ಯಾಕೆ, ಸೇಡಂ, ಗುರುಮಠಕಲ್ ದಾಟಿದರೆ ಕೇಳಿಸುವ ತೆಲುಗಿನಲ್ಲಿ ನಾಳೆಗೆ ‘ರೇಪು’ ಅನ್ನುತ್ತಾರಲ್ಲ, ಆ ಪದಕ್ಕೆ ಹಳೆಯ ತೆಲುಗಿನಲ್ಲಿ ಬೆಳಗಿನ ಜಾವ ಎಂಬ ಅರ್ಥವೂ ಇತ್ತು. ನಮ್ಮ ಕನ್ನಡದ ದಾರಿ ಬೇರೆ. ‘ನಾಳ್’ ಅಂದರೆ ಹಳಗನ್ನಡದಲ್ಲಿ ದಿನ. ಅದರಿಂದ ‘ನಾಳೆ’ ಬಂತು, ನಿಮ್ಮ ಅತ್ತೆಯವರ ಬಾಯಲ್ಲಿ ‘ನಾಳಿ’ ಆಯಿತು.

‘ಕಲ್ಯ’ಕ್ಕೆ ಇನ್ನೊಂದು ಅರ್ಥವೂ ಇತ್ತು: ಆರೋಗ್ಯವಾಗಿರುವ, ಚೆನ್ನಾಗಿರುವ. ಹಿಂದಿಯಲ್ಲಿ ಜೀವಕ್ಕೆ ನೆಮ್ಮದಿ ಇಲ್ಲ ಅನ್ನಲು ‘ಕಲ್ ನಹೀಂ ಪಡತೀ’ ಎಂದು ಹೇಳುವ ರೂಢಿ ಇದೆ. ಆ ‘ಕಲ್’ ನೆಮ್ಮದಿ. ಅದು ಈ ಎರಡನೆಯ ಅರ್ಥದ ಕುಡಿ. ‘ಕಲ್ಯಾಣ’ ಎಂಬ ಮಾತನ್ನೂ ಪಂಡಿತರು ಇದೇ ಬಳಗಕ್ಕೆ ಸೇರಿಸುತ್ತಾರೆ. ಒಳಿತು, ಮಂಗಳ, ಚೆಲುವು. ಅಶೋಕನ ಗಿರ್ನಾರ್ ಬಂಡೆಯ ಐದನೆಯ ಶಾಸನದಲ್ಲಿ ‘ಕಲಾಣಂ ದುಕರಂ’ ಎಂದಿದೆ. ಒಳ್ಳೆಯದನ್ನು ಮಾಡುವುದು ಕಷ್ಟ ಅಂತ ಅದರ ಅರ್ಥ. ಆ ‘ಕಲಾಣ’ವೇ ನಮ್ಮ ಕಲ್ಯಾಣ. 11ನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದು, 12ನೆಯ ಶತಮಾನದಲ್ಲಿ ಶರಣರ ನೆಲೆಯಾದ ಊರಿನ ಹೆಸರು ಅದು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆದಾಗ ನಮ್ಮ ಇಡೀ ಸೀಮೆಗೇ ಅದು ಬಂತು.

ಇನ್ನು ಅತ್ತೆಯವರ ಕಲ್ಲಿಗೆ ಬರೋಣ. ನನಗೆ ಜಾಸ್ತಿ ಪ್ರೀತಿ ಇರುವುದು ಈ ಪದದ ಮೇಲೆ.

ಹಳಗನ್ನಡದಲ್ಲಿ ಇದು ಬರೀ ‘ಕಲ್’. ಕೊನೆಯ ‘ಉ’ ಆಮೇಲೆ ಸೇರಿದ್ದು. ವ್ಯಂಜನಕ್ಕೆ ನಿಂತುಬಿಡುವ ಮಾತುಗಳಿಗೆ ಕನ್ನಡ ನಾಲಿಗೆ ನಿಧಾನವಾಗಿ ಒಂದು ಉ ಹಚ್ಚಿತು. ಅದರಲ್ಲೂ ಒಂದು ಲೆಕ್ಕ ಇದೆ. ಮೋಟು ಸ್ವರದ ಪದವಾದರೆ ವ್ಯಂಜನ ಇಮ್ಮಡಿಯಾಗುತ್ತದೆ: ಕಣ್ ಕಣ್ಣು ಆಯಿತು, ಮಣ್ ಮಣ್ಣು ಆಯಿತು, ಬಿಲ್ ಬಿಲ್ಲು ಆಯಿತು, ಪಲ್ ಹಲ್ಲು ಆಯಿತು, ಕಲ್ ಕಲ್ಲು ಆಯಿತು. ಉದ್ದ ಸ್ವರದ ಪದವಾದರೆ ಇಮ್ಮಡಿ ಇಲ್ಲ: ಕಾಲ್ ಹೋಗಿ ಕಾಲು, ಪಾಲ್ ಹೋಗಿ ಹಾಲು. ಊರಿನ ಹೆಸರುಗಳು ಮಾತ್ರ ಈ ಉ ಅನ್ನು ಎಷ್ಟೋ ಕಡೆ ಹಚ್ಚಿಕೊಳ್ಳಲಿಲ್ಲ. ಯಾದಗಿರಿ ಜಿಲ್ಲೆಯ ಗುರುಮಠಕಲ್ ನೋಡಿ, ಆಚೆಯ ಇಳಕಲ್ ನೋಡಿ. ಹೆಸರಿನ ಬಾಲದಲ್ಲಿ ಹಳೆಯ ‘ಕಲ್’ ಹಾಗೇ ನಿಂತಿದೆ.

ಬೇರೆ ಪದದ ಹಿಂದೆ ಸೇರಿದಾಗ ಇದರ ಕ ಹೋಗಿ ಗ ಬರುತ್ತದೆ. ಬೀಸುಗಲ್ಲು, ಒರಳುಗಲ್ಲು, ಸಾಣೆಗಲ್ಲು, ಗಡಿಗಲ್ಲು, ವೀರಗಲ್ಲು, ಅಡಿಗಲ್ಲು. ಶಾಲೆಯಲ್ಲಿ ಇದನ್ನೇ ಆದೇಶ ಸಂಧಿ ಅಂತ ಓದಿಸುತ್ತಾರೆ. ತೆಲಂಗಾಣದ ವಾರಂಗಲ್ ಊರಿನ ಹಳೆಯ ಹೆಸರು ‘ಓರುಗಲ್ಲು’. ಒಂಟಿ ಕಲ್ಲು ಅಂತ. ಸಂಸ್ಕೃತದಲ್ಲಿ ಅದನ್ನೇ ಏಕಶಿಲಾನಗರ ಎಂದು ಕರೆದರು. ಇವತ್ತಿನ ತೆಲುಗಿನವರು ಕಲ್ಲಿಗೆ ‘ರಾಯಿ’ ಅನ್ನುತ್ತಾರೆ. ಆದರೆ ಆ ಊರಿನ ಹೆಸರಿನಲ್ಲಿ ಹಳೆಯ ಕಲ್ಲು ಉಳಿದುಕೊಂಡಿದೆ. ತಮಿಳಿನಲ್ಲಿ ‘ಕಲ್’, ಮಲಯಾಳದಲ್ಲಿ ‘ಕಲ್ಲ್’, ತುಳುವಿನಲ್ಲೂ ‘ಕಲ್ಲ್’.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹುಯಿ ಅನ್ನುವ ಭಾಷೆ ಇದೆ. ಸುತ್ತ ಬಲೂಚಿ, ಪಷ್ತೋ ಮಾತು. ನಡುವೆ ಈ ಒಂದು ದ್ರಾವಿಡ ಭಾಷೆ. ಅವರು ಕಲ್ಲಿಗೆ ‘ಖಲ್’ ಅನ್ನುತ್ತಾರೆ. ‘ಖಬರ್’, ‘ಖರ್ಚ್’ ಅನ್ನುವಾಗ ನಿಮ್ಮ ಮಿಸ್ತ್ರಿಯ ಗಂಟಲಿನಿಂದ ಉಜ್ಜಿ ಬರುತ್ತದಲ್ಲ, ಆ ಖ. ಇದು ಸುಮ್ನೆ ಹೋಲಿಕೆ ಅಲ್ಲ ಅಂತ ಹೇಗೆ ಗೊತ್ತು? ಕಣ್ಣಿಗೆ ಅವರು ‘ಖನ್’ ಅನ್ನುತ್ತಾರೆ. ನಮ್ಮ ಕ ಇರುವ ಕಡೆ ಅವರ ಖ ಬರುತ್ತದೆ, ಅದೂ ಒಂದಕ್ಕಿಂತ ಹೆಚ್ಚು ಪದಗಳಲ್ಲಿ, ಲೆಕ್ಕ ತಪ್ಪದೆ. ಜಾರ್ಖಂಡ್ ಕಡೆಯ ಕುಡುಖ್ ಭಾಷೆಯಲ್ಲೂ ಕಣ್ಣಿಗೆ ‘ಖನ್’ ಅಂತಲೇ. ಹೀಗೆ ಸಾಲಾಗಿ ಹೊಂದಿಕೊಂಡಾಗ ಮಾತ್ರ ನಾವು ನೆಂಟಸ್ತಿಕೆ ಒಪ್ಪುತ್ತೇವೆ. ನಿಮ್ಮ ಅತ್ತೆಯವರು ‘ಕಲ್ಲ’ ಅನ್ನುವ ಮಾತು, ಸಾವಿರ ಮೈಲಿ ಆಚೆ ಒಣ ಬೆಟ್ಟದ ಊರಿನ ಒಬ್ಬ ಕುರುಬನ ಬಾಯಲ್ಲೂ ಇದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಪ್ರಸಂಗವೇ ಬರುವುದಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಕಲಬುರಗಿ ಅನ್ನುವ ಹೆಸರಿನ ಮೊದಲ ತುಂಡನ್ನು ಈ ಕಲ್ಲು ಅಂತಲೇ ಬಿಡಿಸುವುದು ರೂಢಿ. ಕಲ್ಲಿನ ನೆಲ, ಕಲ್ಲಿನ ಊರು. ನೆಲ ನೋಡಿದರೂ ಆ ಮಾತು ಒಪ್ಪುತ್ತದೆ. ಬಹಮನಿ ಸುಲ್ತಾನರು 1347ರಲ್ಲಿ ಇಲ್ಲಿ ರಾಜಧಾನಿ ಮಾಡಿದ ಮೇಲೆ ಫಾರ್ಸಿ ಬಲ್ಲ ಬರಹಗಾರರು ಬಂದರು. ಅವರ ಕಿವಿಗೆ ‘ಕಲಬುರಗಿ’ ಅನ್ನುವುದು ‘ಗುಲ್ಬರ್ಗಾ’ ಆಯಿತು. ಫಾರ್ಸಿಯಲ್ಲಿ ‘ಗುಲ್’ ಅಂದರೆ ಹೂವು, ‘ಬರ್ಗ್’ ಅಂದರೆ ಎಲೆ. ಕಲ್ಲು ಹೋಗಿ ಹೂವೂ ಎಲೆಯೂ ಆಯಿತು. ಪರಭಾಷೆಯ ಹೆಸರನ್ನು ಜನ ತಮಗೆ ಗೊತ್ತಿರುವ ಪದಗಳ ಅಚ್ಚಿಗೆ ಹಾಕಿಕೊಳ್ಳುವುದು ಹೀಗೇ. ಅದರಲ್ಲಿ ಮೋಸವಿಲ್ಲ, ಕಿವಿಯ ಸಹಜ ಕೆಲಸ ಅದು. ಹಳ್ಳಿಯ ಕನ್ನಡಿಗರು ಅಷ್ಟೂ ಶತಮಾನ ಕಲಬುರಗಿ ಅಂತಲೇ ಅನ್ನುತ್ತಿದ್ದರು. 2014ರ ನವೆಂಬರ್ 1ರಿಂದ ಸರ್ಕಾರಿ ಕಾಗದದಲ್ಲೂ ಅದೇ ಬಂತು.

ಯಾದಗಿರಿಗೂ ಇಂಥದ್ದೇ ಒಂದು ಕಾಕತಾಳೀಯ ಇದೆ. ಫಾರ್ಸಿಯಲ್ಲಿ ‘ಯಾದ್’ ಅಂದರೆ ನೆನಪು, ‘ಗೀರ್’ ಅಂದರೆ ಹಿಡಿಯುವುದು. ಎರಡೂ ಸೇರಿ ‘ಯಾದ್‌ಗೀರೀ’ ಅಂದರೆ ಕಲಿಕೆ. ನಮ್ಮ ಊರಿನ ಹೆಸರಿಗೆ ಅದು ಮೂಲ ಅಲ್ಲ. ಯಾದವರ ಗಿರಿ, ಯಾದವಗಿರಿ ಅನ್ನುವುದು ಅಲ್ಲಿಯ ವಿವರಣೆ, ಬೆಟ್ಟದ ಮೇಲಿನ ಕೋಟೆ ಕಣ್ಣೆದುರಿಗೇ ಇದೆ. ಆದರೆ ಟೆಹರಾನಿನ ಮೇಷ್ಟ್ರೊಬ್ಬರು ನಮ್ಮ ರೈಲು ನಿಲ್ದಾಣದ ಹಲಗೆ ಓದಿದರೆ ಅಲ್ಲಿ ಶಾಲೆ ಇದೆ ಅಂತ ತಿಳಿದಾರು. ಕನ್ನಡದಲ್ಲೂ ‘ಕಲ್’ ಎಂಬ ಇನ್ನೊಂದು ಧಾತುವಿಗೆ ಕಲಿ ಅಂತಲೇ ಅರ್ಥ. ಕಲಿತ, ಕಲ್ತ, ಕಲಿಕೆ, ತಮಿಳಿನ ‘ಕಲ್ವಿ’ ಎಲ್ಲ ಅದರಿಂದ ಬಂದವು. ಕಲ್ಲಿನ ಮೇಲೆ ಬರೆದು ಕಲಿತದ್ದರಿಂದ ಎರಡೂ ಒಂದೇ ಅಂತ ಕೆಲವರು ಹೇಳುತ್ತಾರೆ. ಕೇಳಲು ಚೆನ್ನ, ಆದರೆ ನಾನು ಒಪ್ಪುವುದಿಲ್ಲ. ಒಂದು ನಾಮಪದ, ಇನ್ನೊಂದು ಕ್ರಿಯಾಪದ. ದ್ರಾವಿಡ ನಿಘಂಟುಗಳು ಅವನ್ನು ಎರಡು ಬೇರೆ ನಮೂದುಗಳಲ್ಲೇ ಇಟ್ಟಿವೆ.

ನಿಮ್ಮ ಮನೆಗೆ ಹಾಕಿಸುತ್ತಿರುವ ಫರ್ಸಿ ಶಹಾಬಾದಿನದ್ದೇ ಇರಬೇಕು. ಅಲ್ಲಿಯ ಖಣಿಯ ಹತ್ತಿರ ಒಮ್ಮೆ ಹೋಗಿ ನಿಂತು ನೋಡಿ. ಕಲ್ಲು ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ನೆಲದೊಳಗೆ ಮಲಗಿರುತ್ತದೆ. ಪದರದ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ‘ಟಕ್’ ಅಂತ ಒಂದು ಸದ್ದು. ಅಷ್ಟಗಲ ಹಾಸು ಬಿಟ್ಟುಕೊಂಡು ಬರುತ್ತದೆ. ಗೌಂಡಿಗಳು ಕೊಳ್ಳುವ ಮೊದಲು ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಾರೆ. ಗಟ್ಟಿ ಕಲ್ಲು ಗಣಗಣ ಅನ್ನುತ್ತದೆ, ಒಳಗೆ ಬಿರುಕಿದ್ದರೆ ದನಿ ಬೊದ್ದಾಗಿರುತ್ತದೆ. ‘ಫರ್ಸಿ’ ಅನ್ನುವುದೂ ನೆಲಹಾಸು ಅನ್ನುವ ಅರ್ಥದ ಅರಬ್ಬಿಯ ‘ಫರ್ಶ್’ನಿಂದ ಬಂದ ಮಾತು. ನಮ್ಮ ಕಲ್ಲಿಗೆ ಅವರ ಹೆಸರು.

ಈ ಕಲ್ಲು ಸುಣ್ಣದಕಲ್ಲು. ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಅದರ ಆಸರೆಯಲ್ಲೇ. ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಹಾಸುಗಳು ಸಿಕ್ಕಿವೆಯಲ್ಲ, ಅವೂ ಸುಣ್ಣದಕಲ್ಲಿನವೇ. ಒಂದು ಹಾಸಿನ ಮೇಲೆ ರಾಜ ರಾಣಿಯರ ಚಿತ್ರ, ಅದರ ಜೊತೆಗೆ ಬ್ರಾಹ್ಮೀ ಅಕ್ಷರದಲ್ಲಿ ‘ರಾಯೋ ಅಸೋಕ’ ಎಂಬ ಬರಹ. ಭಾಷೆ ಪ್ರಾಕೃತ. ನಮ್ಮ ‘ಕಲ್ಯ’ ಎಂಬ ಪದವನ್ನು ‘ಕಲ್ಲ’ ಮಾಡಿದ್ದು ಇದೇ ಪ್ರಾಕೃತಗಳ ಗುಂಪು. ಅಂದರೆ ನಿಮ್ಮ ಅಂಗಳದಲ್ಲಿ ಎದುರಾದ ಎರಡು ‘ಕಲ್’ಗಳು ಇಲ್ಲಿ ಹೊಸಬರಲ್ಲ. ಎರಡು ಸಾವಿರ ವರ್ಷದ ಹಿಂದೆ ಆ ಬಳಗದ ಭಾಷೆಯನ್ನು ಈ ಬಳಗದ ಕಲ್ಲಿನ ಮೇಲೆ ಇದೇ ಭೀಮಾ ದಂಡೆಯಲ್ಲಿ ಕೆತ್ತಿದ್ದಾರೆ.

ಲ್ಯಾಟಿನ್ ಭಾಷೆಯಲ್ಲಿ ಸುಣ್ಣದಕಲ್ಲಿಗೆ ‘ಕಲ್ಕ್ಸ್’. ಚಿಕ್ಕ ಹರಳಿಗೆ ‘ಕಲ್ಕುಲುಸ್’. ಹರಳು ಜೋಡಿಸಿ ಲೆಕ್ಕ ಹಾಕುತ್ತಿದ್ದರಿಂದ ಕ್ಯಾಲ್ಕುಲೇಟರ್ ಬಂತು. ಕ್ಯಾಲ್ಸಿಯಂ ಬಂತು, ಮೇಷ್ಟ್ರ ಕೈಯ ಚಾಕ್ ಬಂತು. ಮೂತ್ರದಲ್ಲಿ ಹಳ್ಳು ಆಗಿದೆ ಅಂತ ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ ಇವತ್ತಿಗೂ ‘ಕ್ಯಾಲ್ಕುಲಸ್’ ಅಂತಲೇ ಬರೆದಿರುತ್ತದೆ. ದನಿಯೂ ‘ಕಲ್’, ಅರ್ಥವೂ ಕಲ್ಲು! ಇಲ್ಲಿ ಎಂಥವರಿಗೂ ಆಸೆ ಹುಟ್ಟುತ್ತದೆ. ಆದರೆ ಲ್ಯಾಟಿನ್ನಿನವರಿಗೆ ಅದು ಗ್ರೀಕರ ‘ಖಾಲಿಕ್ಸ್’ ಎಂಬ ಹರಳಿನ ಮಾತಿನಿಂದ ಬಂದದ್ದು. ಕನ್ನಡದ ಕಣ್, ಮಣ್, ಬಿಲ್, ಪಲ್ ಯಾವುದಕ್ಕೂ ಲ್ಯಾಟಿನ್ನಿನಲ್ಲಿ ಸಾಲಾಗಿ ಜೋಡಿ ಸಿಗುವುದಿಲ್ಲ. ಬ್ರಾಹುಯಿಯಲ್ಲಿ ಸಿಕ್ಕಿತು, ಇಲ್ಲಿ ಸಿಗುವುದಿಲ್ಲ. ಹಾಗಾಗಿ ನೆಂಟಸ್ತಿಕೆ ಇಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ತುರ್ಕಿಯಲ್ಲಿ ‘ಕಲ್’ ಅಂದರೆ ಇರು, ಉಳಿ. ಹೊರಡುವವರು ‘ಹೊಶ್ಚಾ ಕಲ್’ ಅನ್ನುತ್ತಾರೆ, ಚೆನ್ನಾಗಿರು ಅಂತ. ಬೀದರ್ ಕೋಟೆಯ ತರ್ಕಶ್ ಮಹಲ್ ಸುಲ್ತಾನನ ತುರ್ಕಿ ರಾಣಿಗಾಗಿ ಕಟ್ಟಿದ್ದು ಅನ್ನುತ್ತಾರೆ, ಆ ಗೋಡೆಗಳ ನಡುವೆಯೂ ಈ ‘ಕಲ್’ ಕೇಳಿಸಿರಬಹುದು. ಹೀಬ್ರೂವಿನಲ್ಲಿ ‘ಕಲ್’ ಅಂದರೆ ಹಗುರ, ಸುಲಭ. ಅರಬ್ಬಿಯಲ್ಲಿ ‘ಕಾಲ’ ಅಂದರೆ ಹೇಳಿದನು. ಅದೇ ಧಾತುವಿನಿಂದ ಕೊಟ್ಟ ಮಾತಿಗೆ ‘ಕೌಲ್’, ನಮ್ಮ ಹೊಲದ ‘ಕೌಲು’, ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕೇಳುವ ‘ಕವ್ವಾಲಿ’ ಎಲ್ಲ ಬಂದಿವೆ. ಫಿನ್‌ಲೆಂಡಿನಲ್ಲಿ ‘ಕಲ’ ಅಂದರೆ ಮೀನು. ಇಂಗ್ಲಿಷಿನ ‘ಕಾಲ್ ಮಾಡು’ ಬಂದದ್ದು ಹಳೆಯ ನಾರ್ವೆ ಕಡೆಯ ‘ಕಲ್ಲ’ ಎಂಬ ಮಾತಿನಿಂದ. ಪ್ರಾಕೃತದ ‘ಕಲ್ಲ’ಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಇಷ್ಟೊಂದು ‘ಕಲ್’ ಯಾಕೆ ಅಂತ ಆಶ್ಚರ್ಯ ಬೇಡ. ಭೂಮಿಯ ಮೇಲೆ ಸುಮಾರು 7000 ಭಾಷೆಗಳಿವೆ. ಕ, ಅ, ಲ ಮೂರೂ ಬಹಳಷ್ಟು ಭಾಷೆಗಳಲ್ಲಿ ಇರುವ ದನಿಗಳು. ಮೂರೇ ದನಿಯ ಪದ ಎಲ್ಲೆಲ್ಲೂ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಪದ ಚಿಕ್ಕದಾದಷ್ಟೂ ಢಿಕ್ಕಿ ಜಾಸ್ತಿ. ಅದಕ್ಕೇ ಚಿಕ್ಕ ಪದಗಳ ಮೂಲ ಹೇಳುವಾಗ ಜಾಸ್ತಿ ಎಚ್ಚರ ಬೇಕು. ‘ಬೆಳದಿಂಗಳು’ ಎಂಬಂಥ ಉದ್ದ ಪದ ಎರಡು ಕಡೆ ಒಂದೇ ಅರ್ಥದಲ್ಲಿ ಸಿಕ್ಕರೆ ನಂಬಬಹುದು. ‘ಕಲ್’ ಸಿಕ್ಕರೆ ಅದರ ಅಣ್ಣತಮ್ಮಂದಿರೂ ಅಲ್ಲಿ ಇದ್ದಾರಾ ಅಂತ ಮೊದಲು ವಿಚಾರಿಸಬೇಕು.

ಢಿಕ್ಕಿಯ ಇನ್ನೊಂದು ಚೆಂದದ ಉದಾಹರಣೆ ನಿಮ್ಮ ಅತ್ತೆಯವರ ಕಡೆಯೇ ಇದೆ. ಸೇಡಂ, ಗುರುಮಠಕಲ್ ದಾಟಿ ತೆಲಂಗಾಣಕ್ಕೆ ಹೋದರೆ ಕೆಲವು ಕಡೆ ಹಲಗೆಯ ಮೇಲೆ ‘ಕಲ್ಲು’ ಅಂತ ಬರೆದಿರುತ್ತದೆ. ತೆಲುಗು ಲಿಪಿ ನಮ್ಮದಕ್ಕೆ ತೀರ ಹತ್ತಿರ, ಕನ್ನಡ ಬಲ್ಲ ಮಗುವೂ ಓದಿಬಿಡುತ್ತದೆ. ಆದರೆ ಒಳಗೆ ಕಲ್ಲು ಮಾರುವುದಿಲ್ಲ, ಸೇಂದಿ ಮಾರುತ್ತಾರೆ. ನಮ್ಮ ‘ಕಳ್ಳು’ ತೆಲುಗಿನಲ್ಲಿ ‘ಕಲ್ಲು’. ಅದೇ ತೆಲುಗಿನಲ್ಲಿ ‘ಕಳ್ಳು’ ಅಂದರೆ ಕಣ್ಣುಗಳು! ಲ ಮತ್ತು ಳ ನಡುವೆ ಇಷ್ಟೆಲ್ಲ ಇದೆ. ನಿಮ್ಮ ಮಿಸ್ತ್ರಿಯ ಮನೆಮಾತಿನಲ್ಲಿ ಳ ಇಲ್ಲ. ಹಾಗಾಗಿ ಕನ್ನಡ ಕಲಿಯುವಾಗ ‘ಕಲ್ಲು’, ‘ಕಳ್ಳು’ ಎರಡನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳಲು ಅವರಿಗೆ ಸ್ವಲ್ಪ ಕಷ್ಟವಾಗಿರುತ್ತದೆ. ನಿಮಗೆ ಆ ಕಷ್ಟ ಬರಲಿಲ್ಲ, ಮರಾಠಿಯಲ್ಲಿ ಳ ಇದೆ ಅಲ್ವಾ.

ಇನ್ನು ನನ್ನದೊಂದು ಕೇಳಿಕೆ. ನಿಮ್ಮ ಅತ್ತೆಯವರ ಹಳ್ಳಿಯ ಮನೆಯಲ್ಲಿ ಎಷ್ಟು ಬಗೆಯ ಕಲ್ಲು ಇದ್ದವು ಅಂತ ಕೂರಿಸಿಕೊಂಡು ಕೇಳಿ. ಜೋಳ ಬೀಸುವುದು, ಖಾರ ಕುಟ್ಟುವುದು, ಕುಡುಗೋಲು ಮಸೆಯುವುದು, ಬಟ್ಟೆ ಒಗೆಯುವುದು, ಕಟ್ಟೆಗೆ ಹಾಸಿದ್ದು, ಹೊಲದ ಬದುವಿಗೆ ನೆಟ್ಟದ್ದು, ಆಕಾಶದಿಂದ ಬಿದ್ದು ತೊಗರಿ ಹೂ ಉದುರಿಸುವುದು. ಒಂದೊಂದಕ್ಕೂ ಒಂದೊಂದು ಹೆಸರು ಇರುತ್ತದೆ. ಅವರು ಹೇಳುವ ಹಾಗೆಯೇ, ತಿದ್ದದೆ ಬರೆದುಕೊಳ್ಳಿ. ಕೆಲವದರಲ್ಲಿ ಕ ಇರುತ್ತದೆ, ಕೆಲವದರಲ್ಲಿ ಗ ಇರುತ್ತದೆ. ಆ ಚೀಟಿಯ ಒಂದು ಪ್ರತಿ ನನಗೂ ಕಳಿಸಿಕೊಡಿ. ಮಿಸ್ತ್ರಿಗೆ ಹೇಳುವುದಿದ್ದರೆ ‘ಕಲ್ ಕಲ್ಲು ತರ್ರಿ’ ಅನ್ನಿ, ನಾಳೆ ಕಲ್ಲು ತರುತ್ತಾರೆ.